ಒಮ್ಮೆ ಕೊಯ್ದ ಮೇಲೆ

ಮಗು ಹುಟ್ಟಿದ ಸುದ್ದಿ ಬಂದರೆ ನಮ್ಮಲ್ಲಿ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, ಗಂಡೋ ಹೆಣ್ಣೋ. ಎರಡನೆಯದು, ನಾರ್ಮಲ್ಲೋ ಸಿಸೇರಿಯನ್ನೋ. ಈ ಎರಡನೇ ಪ್ರಶ್ನೆಗೆ ಬರುವ ಉತ್ತರಗಳನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ‘ನಾರ್ಮಲ್ಲಾಗಿ ಹೆತ್ತಳು’ ಎನ್ನುತ್ತಾರೆ. ‘ಆಪರೇಷನ್ ಮಾಡಿ ತೆಗೆದರು’ ಎನ್ನುತ್ತಾರೆ. ಮೊದಲ ವಾಕ್ಯದಲ್ಲಿ ಕರ್ತೃ ತಾಯಿ. ಎರಡನೆಯದರಲ್ಲಿ ಕರ್ತೃ ಡಾಕ್ಟರು, ಅವರೂ ಕ್ರಿಯಾಪದದ ಬಾಲದಲ್ಲಿ ಅಡಗಿ ಕೂತಿದ್ದಾರೆ. ಒಂಬತ್ತು ತಿಂಗಳು ಹೊತ್ತವಳು, ಹೊಟ್ಟೆ ಕೊಯ್ಸಿಕೊಂಡವಳು ಆ ವಾಕ್ಯದಲ್ಲಿ ಕರ್ಮವಾಗಿಯೂ ಉಳಿದಿಲ್ಲ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ವಾಕ್ಯ ಒಡೆದು ನೋಡುವುದು ನನ್ನ ಕೆಲಸ. ಆದರೆ ನನ್ನ ಮೇಲೆಯೇ ಪ್ರಯೋಗವಾದ ಕೆಲವು ವಾಕ್ಯಗಳನ್ನು ಒಡೆದು ನೋಡಬೇಕೆಂದು ಹೊಳೆದದ್ದು ಎರಡನೇ ಸಲ ಬಸುರಿಯಾದಾಗ. ಆ ವಾಕ್ಯಗಳ ವಿಮರ್ಶೆಯೇ ಈ ಲೇಖನ.

ಮೊದಲ ಹೆರಿಗೆ ಸಿಸೇರಿಯನ್. ದಿನ ತುಂಬಿದರೂ ಮಗು ತಿರುಗಿರಲಿಲ್ಲ, ತಲೆ ಮೇಲೆ, ಕುಂಡೆ ಕೆಳಗೆ. ಆಪರೇಷನ್ ಟೇಬಲ್ಲಿನ ಮೇಲೆ ಹಸಿರು ಪರದೆಯ ಆಚೆಯಿಂದ ಡಾಕ್ಟರ್ ಮಾತು ಕೇಳಿಸಿತು: ‘ಓ, ಇದಕ್ಕೇ ತಿರುಗಿಲ್ಲ ನೋಡಿ.’ ಅವರು ಹೇಳಿದ್ದು ನನಗಲ್ಲ, ಜೊತೆಗಿದ್ದ ಕಿರಿಯ ಡಾಕ್ಟರಿಗೆ. ಮನೆಗೆ ಹೊರಡುವಾಗ ಕೊಟ್ಟ ಡಿಸ್ಚಾರ್ಜ್ ಸಮ್ಮರಿಯಲ್ಲಿ ಎರಡು ಪದ ಸೇರಿದ್ದವು: ಬೈಕಾರ್ನುಯೇಟ್ ಯೂಟರಸ್. ಎರಡು ಕೊಂಬಿನ ಗರ್ಭಕೋಶ.

ಇದರ ಹಿಂದಿನ ಸಂಗತಿ ಸರಳವಾದದ್ದು. ಹೆಣ್ಣು ಭ್ರೂಣದಲ್ಲಿ ಗರ್ಭಕೋಶ ಒಂದೇ ಅಂಗವಾಗಿ ಶುರುವಾಗುವುದಿಲ್ಲ. ಎಡಕ್ಕೊಂದು ಬಲಕ್ಕೊಂದು ನಾಳಗಳಿರುತ್ತವೆ. ಜರ್ಮನಿಯ ಯೋಹಾನೆಸ್ ಮ್ಯುಲರ್ 1830ರಲ್ಲಿ ಇವುಗಳನ್ನು ವಿವರಿಸಿದ್ದರಿಂದ ಅವಕ್ಕೆ ಅವನದೇ ಹೆಸರು. ಇವೆರಡೂ ಕೆಳಗಿನಿಂದ ಮೇಲಕ್ಕೆ ಕೂಡಿಕೊಳ್ಳುತ್ತ ಹೋಗಿ, ನಡುವಿನ ಗೋಡೆ ಕರಗಿ, ಒಂದೇ ಕೋಣೆಯಾಗುತ್ತದೆ. ಕೂಡುವುದು ಅರ್ಧಕ್ಕೆ ನಿಂತರೆ ಮೇಲ್ಭಾಗ ಎರಡು ಕವಲಾಗಿ ಉಳಿಯುತ್ತದೆ. ಕೂಡಿಯೂ ಗೋಡೆ ಕರಗದಿದ್ದರೆ ಅದು ಬೇರೆ ಬಗೆ. ಒಂದು ನಾಳ ಬೆಳೆಯದೇ ಹೋದರೆ ಇನ್ನೊಂದು ಬಗೆ. ಎರಡು ಕವಲಿನ ಗರ್ಭಕೋಶದಲ್ಲಿ ಮಗುವಿಗೆ ಹೊರಳಲು ಜಾಗ ಕಡಿಮೆ. ಅದಕ್ಕೇ ಬುಡ ಕೆಳಗಾಗಿ ಕೂತುಬಿಡುವುದು ಹೆಚ್ಚು, ದಿನ ತುಂಬುವ ಮೊದಲೇ ಹೆರಿಗೆಯಾಗುವುದೂ ಹೆಚ್ಚು.

ಮನೆಯಲ್ಲಿ ಇದನ್ನು ವಿವರಿಸಿದಾಗ ದೊಡ್ಡಮ್ಮ ಒಂದೇ ಕ್ಷಣದಲ್ಲಿ ಹೇಳಿದಳು: ‘ಅಯ್ಯೋ, ಜರಾಸಂಧನ ಕತೆ ಆಯ್ತಲ್ಲೇ!’

ಆ ಹೋಲಿಕೆ ನನ್ನನ್ನು ಬಹಳ ದಿನ ಕಾಡಿತು. ಒಂದು ಮಾವಿನ ಹಣ್ಣನ್ನು ಇಬ್ಬರು ರಾಣಿಯರು ಹಂಚಿ ತಿಂದು ತಲಾ ಅರ್ಧ ಮಗುವನ್ನು ಹೆತ್ತರು. ಬಿಸಾಡಿದ ಆ ಎರಡು ಹೋಳುಗಳನ್ನು ಜರೆ ಎಂಬ ರಾಕ್ಷಸಿ ಕೂಡಿಸಿದಳು. ಕಡೆಗೆ ಭೀಮ ಅವನನ್ನು ಸೀಳಿದ್ದು ಅದೇ ಕೂಡಿದ ಗೆರೆಯ ಮೇಲೆ. ಕತೆಯ ತರ್ಕ ಸ್ಪಷ್ಟವಾಗಿದೆ: ಕೂಡಿಸಿದ್ದು ಎಂದಿದ್ದರೂ ಕೂಡಿಸಿದ ಕಡೆಯೇ ಬಿಡುತ್ತದೆ. ನಾನು ಮತ್ತೆ ಬಸುರಿಯಾದಾಗ, ಈ ಸಲ ಹೆರಲು ಪ್ರಯತ್ನಿಸಬಹುದೇ ಎಂದು ಕೇಳಿದ ಕಡೆಯೆಲ್ಲ ಎದುರಾದದ್ದು ಈ ತರ್ಕವೇ. ಒಬ್ಬರು ಡಾಕ್ಟರ್ ಕಡತದಿಂದ ತಲೆ ಎತ್ತದೆ ಅಂದರು: ‘ನೋಡಮ್ಮ, ಗರ್ಭಕೋಶ ಹುಟ್ಟಿನಿಂದಲೇ ಸರಿ ಇಲ್ಲ, ಮೇಲೆ ಹೊಲಿಗೆ ಬೇರೆ ಬಿದ್ದಿದೆ. ಒಂದು ಸಲ ಕೊಯ್ದ ಮೇಲೆ ಮುಗೀತು.’

ಈ ಕೊನೆಯ ಮಾತಿಗೆ ಒಂದು ಮೂಲವಿದೆ. 1916ರಲ್ಲಿ ನ್ಯೂಯಾರ್ಕಿನ ಪ್ರಸೂತಿ ತಜ್ಞ ಎಡ್ವಿನ್ ಕ್ರೇಗಿನ್ ವೈದ್ಯರ ಮುಂದೆ ಓದಿದ, ನಂತರ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದ ಲೇಖನದಲ್ಲಿ, ಒಮ್ಮೆ ಸಿಸೇರಿಯನ್ ಆದವಳಿಗೆ ಮುಂದೆಯೂ ಸಿಸೇರಿಯನ್ನೇ ಎಂಬ ಅರ್ಥದ ಮಾತು ಬರುತ್ತದೆ. ಪ್ರಸೂತಿ ಶಾಸ್ತ್ರದಲ್ಲಿ ಇಷ್ಟು ಉದ್ಧೃತವಾದ ಮಾತು ಇನ್ನೊಂದು ಇರಲಾರದು. ಸಂದರ್ಭದಿಂದ ಹರಿದು ತೆಗೆದ ಸಾಲು ಹೇಗೆ ಸ್ವತಂತ್ರವಾಗಿ ಓಡಾಡುತ್ತದೆ ಎನ್ನುವುದಕ್ಕೆ ನಾವು ಸಾಹಿತ್ಯದವರು ಕೊಡುವ ಉದಾಹರಣೆಗಳಿಗಿಂತ ಇದು ದೊಡ್ಡ ಉದಾಹರಣೆ.

ಆ ಲೇಖನದ ವಿಷಯವೇ ಪ್ರಸೂತಿಯಲ್ಲಿ ಸಂಯಮ. ಮೊದಲ ಸಿಸೇರಿಯನ್ನಿಗೆ ಅವಸರ ಮಾಡಬೇಡಿ, ಏಕೆಂದರೆ ಅದರ ಬೆಲೆಯನ್ನು ಅವಳು ಮುಂದಿನ ಪ್ರತಿ ಹೆರಿಗೆಯಲ್ಲೂ ತೆರಬೇಕಾಗಬಹುದು ಎನ್ನುವುದು ಅವನ ವಾದ. ಕತ್ತಿಯ ಬಳಕೆ ಕಡಿಮೆ ಮಾಡಲು ಆಡಿದ ಮಾತು ಅದು. ಅದಕ್ಕೆ ಅಪವಾದಗಳಿವೆ ಎಂದೂ ಅವನೇ ಹೇಳುತ್ತಾನೆ. ಸಿಸೇರಿಯನ್ ಆದ ಮೇಲೂ ಸಹಜವಾಗಿ ಮೂರು ಮಕ್ಕಳನ್ನು ಹೆತ್ತ ತನ್ನದೇ ರೋಗಿಯೊಬ್ಬಳನ್ನು ನೆನೆಯುತ್ತಾನೆ. ಮುಂದಿನವರು ಅಪವಾದವನ್ನು ಬಿಟ್ಟರು, ಸಂಯಮವನ್ನೂ ಬಿಟ್ಟರು. ಮೊದಲ ಕೊಯ್ತದ ವಿರುದ್ಧ ಹುಟ್ಟಿದ ಸಾಲು ಎರಡನೇ ಕೊಯ್ತದ ಪರವಾನಗಿಯಾಯಿತು.

ಅಲ್ಲದೆ 1916ರ ಸಿಸೇರಿಯನ್ ಇವತ್ತಿನ ಸಿಸೇರಿಯನ್ ಅಲ್ಲ. ಆಗ ಗರ್ಭಕೋಶದ ಮೇಲ್ಭಾಗದಲ್ಲಿ, ನೋವು ಬಂದಾಗ ಹಿಂಡಿಕೊಳ್ಳುವ ದಪ್ಪ ಸ್ನಾಯುವಿನ ಮೇಲೆಯೇ ಉದ್ದಕ್ಕೆ ಕೊಯ್ಯುತ್ತಿದ್ದರು. ಅಂಥ ಗಾಯ ಮುಂದಿನ ಹೆರಿಗೆಯಲ್ಲಿ ಬಿಟ್ಟುಕೊಳ್ಳುವ ಭಯ ನಿಜವಾದದ್ದು. ಕೆಳಭಾಗದ ತೆಳು ಪದರದಲ್ಲಿ ಅಡ್ಡಕ್ಕೆ ಕೊಯ್ಯುವ ಕ್ರಮವನ್ನು ಗ್ಲಾಸ್ಗೋದ ಮನ್ರೋ ಕೆರ್ ಪ್ರಚಾರಕ್ಕೆ ತಂದದ್ದು 1920ರ ದಶಕದಲ್ಲಿ. ಅಂಥ ಒಂದು ಅಡ್ಡ ಗಾಯ ಇರುವವರು ಹೆರಿಗೆಗೆ ಪ್ರಯತ್ನಿಸಿದರೆ ಗಾಯ ಬಿಡುವ ಸಂಭವ ಸಾವಿರಕ್ಕೆ ಐದರಿಂದ ಒಂಬತ್ತು ಎಂದೂ, ಪ್ರಯತ್ನಿಸಿದ ನೂರು ಜನರಲ್ಲಿ 60ರಿಂದ 80 ಜನ ಸಹಜವಾಗಿ ಹೆರುತ್ತಾರೆಂದೂ ಈಗಿನ ಲೆಕ್ಕ. ಕೊಯ್ಯುವ ಕ್ರಮ ಬದಲಾಗಿದೆ, ಸಾಲು ಮಾತ್ರ ಹಾಗೇ ಇದೆ.

ಇದೆಲ್ಲ ಓದಿದ ಮೇಲೆ ನನಗೆ ಒಂದು ಪಾಠ ಬೇಕಾಯಿತು. ಹಸ್ತಪ್ರತಿಶಾಸ್ತ್ರದವರು ಹೇಳುವ ಅರ್ಥದ ಪಾಠ. ನನ್ನ ಗರ್ಭಕೋಶವನ್ನು ಎಲ್ಲಿ, ಹೇಗೆ ಕೊಯ್ದಿದ್ದಾರೆ? ಹೊಟ್ಟೆಯ ಮೇಲೆ ಕಾಣುವ ಗೆರೆ ಅಡ್ಡಕ್ಕಿದೆ, ನಿಜ. ಆದರೆ ಚರ್ಮದ ಗೆರೆಯಿಂದ ಒಳಗಿನ ಗೆರೆ ಗೊತ್ತಾಗುವುದಿಲ್ಲ. ಬುಡ ಕೆಳಗಾಗಿ ಕೂತ ಮಗು, ಕವಲಾದ ಗರ್ಭಕೋಶ ಇದ್ದಾಗ ಕೆಲವೊಮ್ಮೆ ಒಳಗೆ ಗೆರೆಯನ್ನು ಮೇಲಕ್ಕೂ ಎಳೆಯಬೇಕಾಗುತ್ತದೆ. ಮೂರು ವರ್ಷದ ಹಿಂದಿನ ಆಪರೇಷನ್ ನೋಟ್ಸಿಗಾಗಿ ಆಸ್ಪತ್ರೆಯ ರೆಕಾರ್ಡ್ ರೂಮಿಗೆ ನಾಲ್ಕು ಸಲ ಅಲೆದೆ. ಕೊನೆಗೆ ಸಿಕ್ಕ ಹಾಳೆಯಲ್ಲಿ ಡಾಕ್ಟರ್ ಕೈಬರಹದ ಒಂಬತ್ತು ಸಾಲು. ಕೆಳಭಾಗ, ಅಡ್ಡ, ಎರಡು ಪದರದ ಹೊಲಿಗೆ. ಗರ್ಭಕೋಶದ ಒಂದು ಪುಟ್ಟ ಚಿತ್ರವನ್ನೂ ಬರೆದಿದ್ದರು, ಎರಡು ಕವಲು, ಕೆಳಗೊಂದು ಅಡ್ಡಗೆರೆ. ಕನ್ನಡ ಎಂ.ಎ.ಯಲ್ಲಿ ತಾಳೆಗರಿ ಹಿಡಿದಾಗಲೂ ನನ್ನ ಕೈ ಅಷ್ಟು ನಡುಗಿರಲಿಲ್ಲ.

ಆ ಚಿತ್ರ ನೋಡಿದಾಗ ದೊಡ್ಡಮ್ಮನ ಹೋಲಿಕೆಯ ದೋಷ ಹೊಳೆಯಿತು. ಜರಾಸಂಧನಲ್ಲಿ ಕೂಡಿದ ಗೆರೆ, ಸೀಳಿದ ಗೆರೆ ಎರಡೂ ಒಂದೇ. ನನ್ನಲ್ಲಿ ಅವು ಬೇರೆ ಬೇರೆ. ಕವಲು ಇರುವುದು ಮೇಲೆ, ಹುಟ್ಟಿನಿಂದ ಬಂದದ್ದು. ಹೊಲಿಗೆ ಇರುವುದು ಕೆಳಗೆ, ಕತ್ತಿಯಿಂದ ಬಂದದ್ದು. ‘ಸರಿ ಇಲ್ಲ, ಮೇಲೆ ಹೊಲಿಗೆ ಬೇರೆ’ ಎಂಬ ಡಾಕ್ಟರ ವಾಕ್ಯ ಎರಡು ಬೇರೆ ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಕಟ್ಟಿ ಒಂದೇ ಭಯ ಮಾಡಿತ್ತು. ಒಂದು ಇನ್ನೊಂದರ ಅಪಾಯವನ್ನು ಹೆಚ್ಚಿಸುತ್ತದೆಯೇ ಎಂಬುದು ಪ್ರಶ್ನೆಯಾಗಿಯೇ ಕೇಳಬೇಕಾದದ್ದು, ಉತ್ತರವಾಗಿ ಹೇಳಿಬಿಡುವಂಥದ್ದಲ್ಲ.

‘ಸರಿ ಇಲ್ಲ’ ಎನ್ನುವ ಪದವನ್ನೂ ನಿಲ್ಲಿಸಿ ನೋಡಬೇಕು. ಗರ್ಭಕೋಶದ ‘ಸರಿ’ ಆಕಾರ ಯಾವುದು ಎಂದು ಮನುಷ್ಯರಿಗೆ ತಿಳಿದದ್ದೇ ತಡವಾಗಿ. ಮಧ್ಯಯುಗದ ಯುರೋಪಿನಲ್ಲಿ ಅದಕ್ಕೆ ಏಳು ಕೋಣೆಗಳೆಂದು ನಂಬಿದ್ದರು: ಬಲಕ್ಕೆ ಮೂರು ಗಂಡಿಗೆ, ಎಡಕ್ಕೆ ಮೂರು ಹೆಣ್ಣಿಗೆ, ನಡುವಿನದು ಎರಡೂ ಅಲ್ಲದವರಿಗೆ. 1511ರ ಸುಮಾರಿಗೆ ಲಿಯೊನಾರ್ಡೊ ದ ವಿಂಚಿ ಗರ್ಭದಲ್ಲಿ ಮುದುಡಿ ಕೂತ ಮಗುವಿನ ಆ ಪ್ರಸಿದ್ಧ ಚಿತ್ರ ಬರೆದ. ಮಗು ಮನುಷ್ಯನದು, ಸುತ್ತಲಿನ ಮಾಸು ಹಸುವಿನದು. ಹಸುವಿನ ಗರ್ಭಕೋಶ ಕೊಯ್ದು ನೋಡಿದ್ದವನು ಅದನ್ನೇ ಹೆಂಗಸಿನೊಳಗೆ ಇಟ್ಟ. ಚಿತ್ರ ಎಷ್ಟು ಸುಂದರವಾಗಿದೆಯೆಂದರೆ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. 1774ರಲ್ಲಿ ವಿಲಿಯಂ ಹಂಟರ್ ಬಸುರಿಯರ ಗರ್ಭಕೋಶದ ದೊಡ್ಡ ಚಿತ್ರಸಂಪುಟ ತಂದ. ಅಲ್ಲಿಂದ ಮುಂದೆ ನಮ್ಮ ಶಾಲೆಯ ಪಠ್ಯದವರೆಗೂ ಬಂದದ್ದು ಒಂದೇ ಆಕಾರ, ತಲೆಕೆಳಗಾದ ಪಿಯರ್ ಹಣ್ಣು. ಆ ಹಣ್ಣನ್ನು ನಮ್ಮ ಮನೆಯಲ್ಲಿ ಯಾರೂ ತಿಂದಿರಲಿಲ್ಲ, ಹೋಲಿಕೆ ಮಾತ್ರ ಬಾಯಿಪಾಠವಾಗಿತ್ತು. ಎರಡು ಕೊಂಬಿನ ಗರ್ಭಕೋಶವನ್ನು ನಮ್ಮೂರಿನ ಪಶುವೈದ್ಯರು ದಿನವೂ ಕೈಯಲ್ಲಿ ಮುಟ್ಟಿ ನೋಡುತ್ತಾರೆ. ಹಸುವಿಗೆ, ಎಮ್ಮೆಗೆ, ಆಡಿಗೆ ಅದೇ ಸರಿಯಾದ ಆಕಾರ. ಹಾಗೆಂದು ಹಸು ಹೆರುತ್ತದೆ, ನೀನೂ ಹೆರು ಎನ್ನುವುದು ವಾದವಾಗುವುದಿಲ್ಲ. ಒಂದು ಆಕಾರವನ್ನು ‘ದೋಷ’ ಎಂದು ಕರೆದ ಮೇಲೆ ಅದರ ಬಗ್ಗೆ ಮುಂದೆ ಏನನ್ನೂ ಕೇಳಲು ಮನಸ್ಸಾಗುವುದಿಲ್ಲ ಎನ್ನುವಷ್ಟೇ ನನ್ನ ತಕರಾರು.

ಕೇಳಿದವರು ಇದ್ದಾರೆ, ಆದರೆ ಕಡಿಮೆ. ಕೆನಡಾದ ಕ್ಯಾಲ್ಗರಿಯಿಂದ 1999ರಲ್ಲಿ ಬಂದ ಅಧ್ಯಯನದಲ್ಲಿ, ಇಂಥ ಗರ್ಭಕೋಶವಿದ್ದು ಸಿಸೇರಿಯನ್ ನಂತರ ಹೆರಿಗೆಗೆ ಪ್ರಯತ್ನಿಸಿದ 25 ಜನರಲ್ಲಿ 2 ಜನರಿಗೆ ಗರ್ಭಕೋಶ ಬಿಟ್ಟಿತು. ಮುಂದೆ ಎಲ್ಲರೂ ಇದನ್ನು ‘ನೂರಕ್ಕೆ ಎಂಟು’ ಎಂದೇ ಹೇಳಿದರು. ಈ ‘ನೂರಕ್ಕೆ ಎಂಟು’ ಒಂದು ಅಲಂಕಾರ. ಅಲ್ಲಿ ನೂರು ಜನ ಇರಲೇ ಇಲ್ಲ. ಇದ್ದವರು ಇಪ್ಪತ್ತೈದು, ನನ್ನ ತರಗತಿಯ ಒಂದು ಬೆಂಚುಸಾಲಿನಷ್ಟು. ಅವರಲ್ಲಿ ಇಬ್ಬರ ಬದಲು ಒಬ್ಬಳಾಗಿದ್ದರೆ ಅಂಕಿ ಅರ್ಧವಾಗುತ್ತಿತ್ತು. 2007ರಲ್ಲಿ ಇಸ್ರೇಲಿನಿಂದ ಇನ್ನೊಂದು ಅಧ್ಯಯನ ಬಂತು. ಹಿಂದೆ ಸಿಸೇರಿಯನ್ ಆಗಿದ್ದ, ಇಂಥ ಗರ್ಭಕೋಶದ 165 ಮಹಿಳೆಯರು ಅದರಲ್ಲಿದ್ದರು. ಸಹಜವಾಗಿ ಹೆತ್ತವರ ಪ್ರಮಾಣ ಉಳಿದವರಿಗಿಂತ ಕಡಿಮೆಯಿತ್ತು, ಆದರೆ ಒಬ್ಬರಿಗೂ ಗರ್ಭಕೋಶ ಬಿಡಲಿಲ್ಲ. ಇದೂ ಭರವಸೆಯ ಮುದ್ರೆಯಲ್ಲ. ಆ 165 ಜನರೂ ಹೆರಿಗೆಗೆ ಪ್ರಯತ್ನಿಸಿದವರಲ್ಲ, ಮತ್ತು ಅಪರೂಪದ ಅವಘಡವೊಂದು ಇಷ್ಟು ಜನರಲ್ಲಿ ಕಾಣದಿದ್ದರೆ ಅದು ಇಲ್ಲವೆಂದಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ ಸಿಗುವುದು ಹೌದು ಅಥವಾ ಅಲ್ಲ ಎನ್ನುವ ಉತ್ತರವಲ್ಲ, ಷರತ್ತುಗಳ ಒಂದು ಪಟ್ಟಿ.

ಆ ಪಟ್ಟಿಯನ್ನು ನನಗೆ ಕೊಟ್ಟವರು ಮೂರನೆಯ ಡಾಕ್ಟರ್. ಅವರು ಬೇಡ ಎನ್ನಲಿಲ್ಲ, ಧೈರ್ಯವಾಗಿರಿ ಎಂದೂ ಹೇಳಲಿಲ್ಲ. ‘ಮಗು ತಲೆ ಕೆಳಗೆ ಬಂದರೆ ಮಾತ್ರ. ನೋವು ತಾನಾಗಿ ಬರಬೇಕು, ಔಷಧಿ ಇಟ್ಟು ನಾನು ತರಿಸಲ್ಲ. ಬಂದ ಮೇಲೆ ಮಗುವಿನ ಎದೆಬಡಿತ ನೋಡ್ತಾನೇ ಇರ್ತೀವಿ. ಥಿಯೇಟರ್, ಅರಿವಳಿಕೆ ಡಾಕ್ಟ್ರು, ರಕ್ತ ಎಲ್ಲ ರೆಡಿ ಇರುತ್ತೆ. ನಾನು ನಡೀರಿ ಅಂದ್ರೆ ಯಾಕೆ ಅಂತ ಕೇಳಬಾರದು, ನಡೀಬೇಕು. ಇನ್ನೊಂದು ಸಿಸೇರಿಯನ್ನೂ ಪುಕ್ಕಟೆ ಅಲ್ಲ ಮೇಡಂ. ಪ್ರತಿ ಸಲ ಕೊಯ್ದಾಗಲೂ ಮುಂದೆ ಮಾಸು ಆ ಗಾಯದಲ್ಲಿ ಬೇರು ಬಿಡೋ ಅಪಾಯ ಏರ್ತಾ ಹೋಗುತ್ತೆ. ಎರಡೂ ಕಡೆ ಬೆಲೆ ಇದೆ, ನೀವೇ ನೋಡಿ.’

ಇಂಥ ವಾಕ್ಯಗಳು ಎಲ್ಲ ಆಸ್ಪತ್ರೆಗಳಲ್ಲೂ ಸಿಗದಿರುವುದಕ್ಕೆ ಕಾರಣ ಬರೀ ಡಾಕ್ಟರ ಮನೋಭಾವವಲ್ಲ. ಅಮೆರಿಕದಲ್ಲಿ 1996ರಲ್ಲಿ ಹಿಂದೆ ಸಿಸೇರಿಯನ್ ಆದ ನೂರರಲ್ಲಿ 28 ಮಹಿಳೆಯರು ಸಹಜವಾಗಿ ಹೆರುತ್ತಿದ್ದರು. ಹತ್ತು ವರ್ಷದಲ್ಲಿ ಅದು ಒಂಬತ್ತಕ್ಕಿಂತ ಕೆಳಗಿಳಿಯಿತು. ಗರ್ಭಕೋಶ ಬಿಟ್ಟ ಪ್ರಕರಣಗಳು, ಮೊಕದ್ದಮೆಗಳು ಇದಕ್ಕೆ ಕಾರಣ. ಜೊತೆಗೆ ಒಂದು ಪದವೂ ಕಾರಣ. 1999ರಲ್ಲಿ ಅಲ್ಲಿನ ಪ್ರಸೂತಿ ತಜ್ಞರ ಸಂಘದ ಮಾರ್ಗಸೂಚಿ, ತುರ್ತು ಸಿಸೇರಿಯನ್ ಮಾಡುವ ತಂಡ ‘ಸುಲಭವಾಗಿ’ ಸಿಗುವಂತಿರಬೇಕು ಎನ್ನುವ ಕಡೆ ‘ತಕ್ಷಣವೇ’ ಸಿಗುವಂತಿರಬೇಕು ಎಂದು ತಿದ್ದಿತು. ಇಪ್ಪತ್ನಾಲ್ಕು ಗಂಟೆ ತಂಡ ಇಟ್ಟುಕೊಳ್ಳಲಾಗದ ಸಣ್ಣ ಆಸ್ಪತ್ರೆಗಳು ಪ್ರಯತ್ನವನ್ನೇ ನಿಲ್ಲಿಸಿದವು. ಒಂದು ಕ್ರಿಯಾವಿಶೇಷಣ ಬದಲಾದರೆ ಸಾವಿರಾರು ಹೊಟ್ಟೆಗಳು ಕೊಯ್ಸಿಕೊಳ್ಳುತ್ತವೆ. ನಮ್ಮಲ್ಲಂತೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ನೂರಕ್ಕೆ 47 ಸಿಸೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14. ಮೊದಲ ಕೊಯ್ತ ಇಷ್ಟು ಸಲೀಸಾದ ಕಡೆ ಕ್ರೇಗಿನ್ನನ ಸಾಲಿಗೆ ಸಾವಿಲ್ಲ.

ಸಾಹಿತ್ಯ ಈ ವಿಷಯದಲ್ಲಿ ನನಗೆ ಎಷ್ಟು ನೆರವಾಯಿತು? ನಾನು ಓದಿದ ಕನ್ನಡ ಕಾದಂಬರಿಗಳಲ್ಲಿ ಹೆರಿಗೆ ಹೆಚ್ಚಾಗಿ ಮುಚ್ಚಿದ ಬಾಗಿಲ ಆಚೆ ನಡೆಯುತ್ತದೆ. ಗಂಡ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತಾನೆ, ಬಿಸಿನೀರು ಒಳಗೆ ಹೋಗುತ್ತದೆ, ಅಳು ಕೇಳಿಸುತ್ತದೆ. ಓದುಗ ಗಂಡನ ಜೊತೆಗೇ ನಿಂತಿರುತ್ತಾನೆ. ಬಾಣಂತಿಯ ಮನಸ್ಸು ಕೆಡುವುದನ್ನು ‘ಶರಪಂಜರ’ದಲ್ಲಿ ಅಷ್ಟು ಧೈರ್ಯವಾಗಿ ಬರೆದ ತ್ರಿವೇಣಿ 1963ರಲ್ಲಿ ತಾವೇ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಾಗಿಲ ಈಚೆಯ ಕತೆಯನ್ನು ಅವರು ಬರೆಯಬಹುದಿತ್ತೇನೋ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ವೈದ್ಯೆಯಾಗಿದ್ದ ಅನುಪಮಾ ನಿರಂಜನ ‘ತಾಯಿ ಮಗು’ವಿನಂಥ ಪುಸ್ತಕಗಳಲ್ಲಿ ನಮ್ಮ ಅಮ್ಮಂದಿರಿಗೆ ಅವರ ದೇಹವನ್ನು ಕನ್ನಡದಲ್ಲಿ ಹೇಳಿಕೊಟ್ಟರು. ನನ್ನ ಅಮ್ಮನ ಟ್ರಂಕಿನಲ್ಲೂ ಅದಿತ್ತು. ಆ ಪುಸ್ತಕಗಳ ದೊಡ್ಡ ಗುಣ, ಭಯವನ್ನೂ ಭರವಸೆಯನ್ನೂ ಮಾರದ ಒಂದು ಸಮದನಿ.

ಆ ದನಿ ಈಗ ಅಪರೂಪ. ಸೀಮಂತದ ಊಟದ ಪಂಕ್ತಿಯಲ್ಲಿ, ಮಹಿಳಾ ಪುರವಣಿಗಳಲ್ಲಿ ಸಿಗುವ ಹೆರಿಗೆ ಕತೆಗಳು ಎರಡೇ ಜಾತಿಯವು. ಒಂದು ಭಯದ ಕತೆ: ಯಾರದೋ ನಾದಿನಿ ಹಟ ಹಿಡಿದಳು, ಹೊಲಿಗೆ ಬಿಟ್ಟಿತು, ಮಗು ಉಳಿಯಲಿಲ್ಲ. ಇನ್ನೊಂದು ವಿಜಯದ ಕತೆ: ಎಲ್ಲರೂ ಬೇಡವೆಂದರು, ಅವಳು ದೇಹವನ್ನು ನಂಬಿದಳು, ಗೆದ್ದಳು. ಬಸುರಿಯಾಗಿದ್ದಾಗ ನಾನು ಎರಡನೆಯದನ್ನು ಹಸಿದವಳಂತೆ ಓದಿದೆ. ಈಗ ಅದರ ಮೇಲೆಯೇ ನನಗೆ ಹೆಚ್ಚು ಸಿಟ್ಟು. ಅದರೊಳಗೆ ಹೇಳದೇ ಉಳಿದ ವಾಕ್ಯವೊಂದಿದೆ: ಕೊಯ್ಸಿಕೊಂಡವಳು ನಂಬಲಿಲ್ಲ, ಸೋತಳು. ವೈದ್ಯಕೀಯದ ಭಾಷೆಯೂ ಇದಕ್ಕೆ ಒತ್ತು ಕೊಡುತ್ತದೆ. ಸಿಸೇರಿಯನ್ ನಂತರದ ಹೆರಿಗೆ ಯತ್ನಕ್ಕೆ ಅವರು ‘ಟ್ರಯಲ್’ ಎನ್ನುತ್ತಾರೆ, ಮತ್ತೆ ಕೊಯ್ಯಬೇಕಾದರೆ ‘ಫೇಲ್ಡ್ ಟ್ರಯಲ್’. ಪರೀಕ್ಷೆ ಬರೆದವಳು ನಪಾಸು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಹೊಟ್ಟೆಯ ಮೇಲೆ ಕೈಯಿಟ್ಟು ಮಗು ಹೇಗೆ ಕೂತಿದೆ ಎಂದು ಓದುವ ವಿದ್ಯೆ ಅವರದು. ಆ ಪರಂಪರೆ ನಮಗೆ ಕೊಟ್ಟ ಪದ ‘ಹೆರಿಗೆ’. ಅದರಲ್ಲಿ ಪಾಸು ನಪಾಸು ಇಲ್ಲ.

ನನ್ನದು ಏನಾಯಿತೆಂದು ಕೇಳುತ್ತೀರಿ. ಮೂವತ್ತೇಳನೇ ವಾರ ಮುಗಿಯುವ ಹೊತ್ತಿಗೆ ಮಗು ತಲೆ ಕೆಳಗೆ ಮಾಡಿ ಎಡ ಕವಲಿನಲ್ಲಿ ಕೂತಿತ್ತು. ನೋವು ತಾನಾಗಿ ಬಂತು. ಹದಿಮೂರು ಗಂಟೆಯ ಮೇಲೆ ಎರಡು ಕೆಜಿ ನಾನೂರು ಗ್ರಾಮಿನ ಮಗಳು ಹುಟ್ಟಿದಳು. ವಿಜಯದ ಕತೆ ಇಲ್ಲಿಗೆ ನಿಲ್ಲುತ್ತದೆ. ನನ್ನದು ನಿಲ್ಲಲಿಲ್ಲ. ಮಾಸು ಬರಲಿಲ್ಲ, ಕವಲಿನಲ್ಲಿ ಸಿಕ್ಕಿಕೊಂಡಿತ್ತು. ರಕ್ತ ಹೋಗತೊಡಗಿತು. ‘ನಡೀರಿ’ ಎಂದರು ಡಾಕ್ಟರ್. ಸಿದ್ಧವಾಗಿದ್ದ ಅದೇ ಥಿಯೇಟರಿಗೆ ಒಯ್ದು, ಅರಿವಳಿಕೆ ಕೊಟ್ಟು, ಒಳಗೆ ಕೈ ಹಾಕಿ ಅದನ್ನು ತೆಗೆದರು. ಎರಡು ಬಾಟಲಿ ರಕ್ತ ಕೊಟ್ಟರು. ಹೊಲಿಗೆಯ ಗೆರೆ ಗಟ್ಟಿಯಾಗಿತ್ತು. ನಾವೆಲ್ಲ ಹೆದರಿದ್ದು ಕೆಳಗಿನ ಗೆರೆಗೆ, ತೊಂದರೆ ಕೊಟ್ಟದ್ದು ಮೇಲಿನ ಕವಲು.

ಹಾಗಾಗಿ ನನ್ನ ಕತೆ ಯಾವುದಕ್ಕೂ ಸಾಕ್ಷಿಯಲ್ಲ. ನನ್ನೊಬ್ಬಳ ಲೆಕ್ಕದಲ್ಲಿ ಯಶಸ್ಸು ನೂರಕ್ಕೆ ನೂರು, ಮಾಸು ಸಿಕ್ಕಿಕೊಳ್ಳುವುದೂ ನೂರಕ್ಕೆ ನೂರು. ಇದನ್ನು ಓದಿ ಯಾರಾದರೂ ನಾನೂ ಹೆರುತ್ತೇನೆ ಎಂದು ಹೊರಟರೆ ಅವರು ತಪ್ಪಾಗಿ ಓದಿದರು. ರೆಕಾರ್ಡ್ ರೂಮಿಗೆ ಹೋಗಿ ತಮ್ಮ ಹಾಳೆ ಕೇಳಿದರೆ, ಆಕಾರದ ಅಪಾಯ ಯಾವುದು, ಗಾಯದ ಅಪಾಯ ಯಾವುದು ಬಿಡಿಸಿ ಹೇಳಿ ಎಂದು ಡಾಕ್ಟರನ್ನು ಕೇಳಿದರೆ, ಉತ್ತರ ಕೇಳಿ ಕೊಯ್ಸಿಕೊಳ್ಳುವುದೇ ಸರಿ ಎಂದು ತೀರ್ಮಾನಿಸಿದರೂ, ಸರಿಯಾಗಿ ಓದಿದರು.

ಮಗಳನ್ನು ನೋಡಲು ಬಂದ ದೊಡ್ಡಮ್ಮ ಬಾಗಿಲಲ್ಲೇ ಕೇಳಿದಳು: ‘ನಾರ್ಮಲ್ಲೇನೇ?’ ಏನು ಹೇಳಬೇಕೆಂದು ತೋಚಲಿಲ್ಲ. ‘ಹೆತ್ತೆ ದೊಡ್ಡಮ್ಮ’ ಎಂದೆ. ತೊಡೆಯ ಮೇಲೆ ಕೂತಿದ್ದ ದೊಡ್ಡವನು, ಆಪರೇಷನ್ ಮಾಡಿ ತೆಗೆದವನು, ತನ್ನನ್ನು ಯಾರು ಹೆತ್ತರು ಎಂದು ಕೇಳಿದ. ನಾನೇ ಕಣೋ, ನಿನ್ನನ್ನೂ ನಾನೇ ಹೆತ್ತದ್ದು ಎಂದು ಹೇಳಿದೆ.